ಕಲ್ಲವ್ವ ನಾಯಿಗೆ ಕೈ ಎತ್ತಿದ್ದು

ಕೈ ಎತ್ತಲು ಹಿಂದೆಮುಂದೆ ನೋಡುವ ಹೆಂಗಸಲ್ಲ ಕಲ್ಲವ್ವ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಕೊರಳ ಸರಕ್ಕೆ ಕೈ ಹಾಕಿದವಳೊಬ್ಬಳನ್ನು ಘನ್ಸೋಲಿಯಲ್ಲಿ ಜುಟ್ಟು ಹಿಡಿದವಳು ತುರ್ಭೆ ಬರುವತನಕ ಬಿಟ್ಟಿರಲಿಲ್ಲ. ಕುಡಿದು ಬಂದು ಬಾಗಿಲು ಬಡಿದ ಪಕ್ಕದ ಬಿಲ್ಡಿಂಗಿನ ವಾಚ್‌ಮನ್‌ಗೆ ಒಂದೇ ಒಂದು ಕೊಟ್ಟಿದ್ದಳು. ಆ ಪುಣ್ಯಾತ್ಮ ಮೂರು ದಿನ ಒಂದೇ ದವಡೆಯಲ್ಲಿ ಅನ್ನ ಅಗಿದ. ಇಪ್ಪತ್ತೈದು ವರ್ಷ ದಿನಕ್ಕೆ ನೂರರಂತೆ ಜೋಳದ ರೊಟ್ಟಿ ಬಡಿದ ಅಂಗೈ ಅದು. ಘನ್ಸೋಲಿ, ಐರೋಲಿಯ ಉತ್ತರ ಕರ್ನಾಟಕದ ಮನೆಗಳಿಗೆಲ್ಲ ರೊಟ್ಟಿ ಹೋಗುತ್ತಿದ್ದದ್ದು ಅವಳ ಒಲೆಯಿಂದಲೇ. ಸುಡುವ ಹಂಚಿನ ಮುಂದೆ ಕುಳಿತು ಕುಳಿತು ಆ ಕೈಗೆ ಬೆಂಕಿಯ ಭಯ ಹೋಗಿತ್ತು, ಜನರ ಭಯವಂತೂ ಮೊದಲೇ ಇರಲಿಲ್ಲ.

ಆದರೆ ನಾಯಿಗೆ ಮಾತ್ರ ಅವಳು ಕೈ ಎತ್ತುತ್ತಿರಲಿಲ್ಲ. ಕೈ ಹಾಗಿರಲಿ, ‘ಹಚಾ’ ಎಂದು ಕೂಡ ಅಂದವಳಲ್ಲ. ದಿನದ ಮೊದಲ ರೊಟ್ಟಿ ನಾಯಿಯದು. ಅದು ಹೋಗುವತನಕ ಮನೆಯವರು ಬಾಯಿ ಮುಚ್ಚಿಕೊಂಡು ಕಾಯಬೇಕು. ಎಲ್ಲರೂ ಇದನ್ನು ಮನೆದೇವರ ಭಕ್ತಿ ಎಂದುಕೊಂಡಿದ್ದರು. ಅವರು ಹಾವೇರಿ ಕಡೆಯವರು, ದೇವರಗುಡ್ಡದ ಮಾಲತೇಶನ ಒಕ್ಕಲು. ಮಾಲತೇಶನ ಹಿಂದೆ ನಾಯಿ ಇರುವುದು, ಅವನ ಗೊರವಯ್ಯಗಳು ನಾಯಿಯಂತೆ ಬೊಗಳುವುದು ಆ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಒಂದಿತ್ತು.

ಇವರಿನ್ನೂ ಊರಲ್ಲಿದ್ದ ಕಾಲ, ಮಗ ವಿಜಯಕುಮಾರ ಮೂರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಒಂಬತ್ತು ದಿನ ಕಣ್ಣು ಬಿಟ್ಟಿರಲಿಲ್ಲ. ಡಾಕ್ಟರು ಕೈಚೆಲ್ಲಿದ್ದರು. ಗಂಡ ಚನ್ನಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಗುಡ್ಡಕ್ಕೆ ನಡೆದ, ಹಿಂದೆ ಕಲ್ಲವ್ವ. ಅಲ್ಲಿ ಮುದಿ ಗೊರವಯ್ಯನೊಬ್ಬ ಅಂಗಾಲು ಅಂಗೈ ಊರಿ, ಬೊಗಳುತ್ತ ಕೂಸಿನ ಸುತ್ತ ಸುತ್ತಿದ. ಆಮೇಲೆ ಅದರ ಹಣೆಗೆ ಭಂಡಾರದ ಅರಿಶಿನ ಒತ್ತಿ ಹೇಳಿದ: “ಕೂಸಿನ ಉಸಿರು ಮಾಲತೇಶನ ನಾಯಿ ಕಾಲಾಗ ಇಟ್ಟೇನಿ. ಇನ್ನ ಮ್ಯಾಲೆ ನಾಯಿ ಮ್ಯಾಲ ನಿನ್ನ ಕೈ ಏಳಬಾರದು ತಾಯಿ. ಎದ್ದ ದಿನ ಅಂವ ಕೂಸಿನ್ನ ತಿರುಗಿ ಕೇಳ್ತಾನ.”

ಮೂರನೆಯ ದಿನ ಹುಡುಗ ಎದ್ದು ಕುಳಿತು ರೊಟ್ಟಿ ಕೇಳಿದ. ಆ ಮಾತು ಗಂಡಹೆಂಡಿರ ನಡುವೆಯೇ ಉಳಿಯಿತು. ಮಹಾಪೆಯ ಪೈಪ್ ಫ್ಯಾಕ್ಟರಿಯಲ್ಲಿ ಜೀವ ಸವೆಸಿದ ಚನ್ನಪ್ಪ ಆರು ವರ್ಷದ ಹಿಂದೆ ತೀರಿಕೊಂಡ ಮೇಲೆ ಅವಳೊಬ್ಬಳಲ್ಲೇ ಉಳಿಯಿತು. ಮಗನಿಗೆ ಈಗ ಮೂವತ್ತಾರು, ಸೀವುಡ್ಸ್‌ನ ವಿಮೆ ಆಫೀಸೊಂದರಲ್ಲಿ ನೌಕರಿ. ಅವನಿಗೆ ಅವಳು ಹೇಳಿರಲಿಲ್ಲ. ಹೇಳಿದರೆ ನಗುತ್ತಾನೆ, ಅವನು ನಕ್ಕದ್ದು ದೇವರಿಗೆ ಕೇಳಿಸಿದರೆ ಗತಿಯೇನು ಎಂಬ ದಿಗಿಲು ಅವಳಿಗೆ.

ಐವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಬಂತು. ದಿನಾ ಒಂದು ಗಂಟೆ ನಡೆಯದಿದ್ದರೆ ಕಾಲು ಕತ್ತರಿಸಬೇಕಾದೀತು ಎಂದು ಡಾಕ್ಟರು ಹೆದರಿಸಿದರು. ಘನ್ಸೋಲಿಯಿಂದ ಮಹಾಪೆಯ ಕಡೆಗೆ ಹಬ್ಬಿರುವ ಗವಳಿದೇವ ಗುಡ್ಡವನ್ನು ಅವಳು ಹತ್ತಲು ಶುರುಮಾಡಿದ್ದು ಹೀಗೆ. ಜೊತೆಗೆ ಸಿಕ್ಕವಳು ಸುಂದರಿ. ಉಡುಪಿ ಕಡೆಯ ಹೆಂಗಸು, ಕಲ್ಲವ್ವನಿಗಿಂತ ಮೂರು ವರ್ಷ ದೊಡ್ಡವಳು, ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗೆ. ಗಂಡ ಮುಂಡಪ್ಪನವರು ಮಹಾಪೆಯಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿ ಈಗ ಮನೆಯಲ್ಲಿದ್ದರು. ಒಬ್ಬಳ ಕನ್ನಡ ಇನ್ನೊಬ್ಬಳಿಗೆ ತಮಾಷೆ.

“ಬರೇ ಅನ್ನ ಉಂಡ್ರ ಹಿಂಗ ಆಗೂದು ಸುಂದ್ರಕ್ಕ, ಒಂದು ರೊಟ್ಟಿ ತಿನ್ರಿ,” ಎಂದು ಇವಳು.

“ನಿಮ್ಮ ರೊಟ್ಟಿ ತಿಂದ್ರೆ ನನ್ನ ಹಲ್ಲೆಲ್ಲ ಈ ಗುಡ್ಡದಲ್ಲೇ ಬಿಟ್ಟು ಹೋಗ್ಬೇಕಾದೀತು ಮಾರಾಯ್ತಿ,” ಎಂದು ಅವಳು.

ಹೀಗೆ ನಾಲ್ಕು ವರ್ಷ ಹತ್ತಿದರು. ಕಲ್ಲವ್ವನಿಗೆ ಒಡಹುಟ್ಟಿದ ಅಕ್ಕ ಇರಲಿಲ್ಲ; ಅರವತ್ತರ ಹೊಸ್ತಿಲಲ್ಲಿ ಒಬ್ಬಳು ಸಿಕ್ಕಳೆಂದು ಅವಳಿಗೆ ಒಳಗೊಳಗೇ ಸಂತೋಷ. ಸುಂದರಿಗೆ ನಾಯಿಯೆಂದರೆ ಪ್ರಾಣಭಯ. ಗುಡ್ಡದ ಬುಡದಲ್ಲಿ ಕಲ್ಲವ್ವನ ರೊಟ್ಟಿಗೆ ಕಾಯುವ ಐದು ಬೀದಿನಾಯಿಗಳಿದ್ದವು, ಕೆಂಚಿ ಎಂಬ ಕುಂಟು ಹೆಣ್ಣುನಾಯಿ ಅವುಗಳಿಗೆ ಯಜಮಾನಿ. ಅವು ಬಾಲ ಅಲ್ಲಾಡಿಸಿದರೂ ಸುಂದರಿ ಕಲ್ಲವ್ವನ ಬೆನ್ನ ಹಿಂದೆ ಅಡಗುತ್ತಿದ್ದಳು. “ಏನೂ ಮಾಡಂಗಿಲ್ರಿ, ನಾ ಅದೀನಲ್ಲ,” ಎನ್ನುತ್ತಿದ್ದಳು ಕಲ್ಲವ್ವ.

ಹೋದ ವರ್ಷ ಮಳೆಗೆ ಮುಂಚೆ ಆ ಗುಡ್ಡಕ್ಕೆ ಮಯೂರ್ ಬರತೊಡಗಿದ. ಬುಡದಲ್ಲಿ ಎದ್ದಿರುವ ಹೊಸ ಟವರಿನವನು, ಮೂವತ್ತರ ಹುಡುಗ. ಅವನ ಜೊತೆ ಸುಲ್ತಾನ್ ಎಂಬ ಕರಿಯ ನಾಯಿ. ಹೋರಿಯ ಕೊರಳು, ಡೊಳ್ಳಿನಂಥ ತಲೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಮಾಡಿದವರು ಬೊಗಳದ ನಾಯಿಯ ವಿಷಯ ಹೇಳದೇ ಹೋದರು. ಇದು ಬೊಗಳುತ್ತಲೇ ಇರಲಿಲ್ಲ. ನಾಯಿಯನ್ನು ಹಿಡಿಯಬೇಕಾದ ಬೆಲ್ಟು ಮಯೂರನ ಕೊರಳಲ್ಲಿ ಹಾರದಂತೆ ತೂಗುತ್ತಿತ್ತು, ಕೈಯಲ್ಲಿ ಮೊಬೈಲು. ಗುಡ್ಡದಲ್ಲಿ ಬಿಡುಬೀಸಾಗಿ ಓಡುವ ನಾಯಿಯ ವಿಡಿಯೋ ಹಾಕಿದರೆ ನೋಡುವವರು ಸಾವಿರಗಟ್ಟಲೆಯಂತೆ; ಬೆಲ್ಟು ಕಟ್ಟಿದ ನಾಯಿಯನ್ನು ಯಾರು ನೋಡುತ್ತಾರೆ? ನಡೆಯುವವರು ಬೆದರಿ ಬದಿಗೆ ಸರಿದರೆ ಕಿವಿಯ ಇಯರ್‌ಫೋನ್ ಕೂಡ ತೆಗೆಯದೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಕುಛ್ ನಹೀ ಕರ್ತಾ ಆಂಟಿ, ಖೇಲ್ ರಹಾ ಹೈ. ಏನೂ ಮಾಡಲ್ಲ.”

ಈ ‘ಏನೂ ಮಾಡಲ್ಲ’ ಎಂಬುದು ನಾಯಿ ಸಾಕಿದವರ ಬಾಯಿಪಾಠ. ಮಾಡುವುದಿಲ್ಲವೆಂದು ನಾಯಿ ಅವರಿಗೆ ಕಾಗದ ಬರೆದುಕೊಟ್ಟಿರುತ್ತದೆಯೇನೋ! ಕಚ್ಚಿಸಿಕೊಳ್ಳುವ ಮೀನಖಂಡ ಯಾರದೋ, ಭರವಸೆ ಕೊಡುವ ಬಾಯಿ ಯಾರದೋ.

ಜುಲೈಯ ಒಂದು ಬೆಳಿಗ್ಗೆ ಸುಲ್ತಾನ್ ಕೆಂಚಿಯನ್ನು ಕೊಂದಿತು. ಕಲ್ಲವ್ವ ರೊಟ್ಟಿ ಮುರಿದು ಹಾಕುತ್ತಿದ್ದಳು. ಕೆಂಚಿ ತುಂಡಿಗೆ ಬಾಯಿ ಹಾಕಿತ್ತು. ಕರಿಯದು ಹಿಂದಿನಿಂದ ಬಂದು ಬೆನ್ನು ಹಿಡಿದು ಎತ್ತಿ, ಒದ್ದೆ ಬಟ್ಟೆ ಝಾಡಿಸಿದಂತೆ ಝಾಡಿಸಿತು. ಬೆನ್ನುಮೂಳೆ ಮುರಿದ ಸದ್ದು ಇಬ್ಬರು ಹೆಂಗಸರಿಗೂ ಕೇಳಿಸಿತು. ಆಮೇಲೂ ಬಿಡದೆ ಹೊಟ್ಟೆ ಸೀಳಿತು. ಕೆಂಚಿಯ ಬಾಯಲ್ಲಿ ರೊಟ್ಟಿ ಹಾಗೆಯೇ ಇತ್ತು. ಸುಂದರಿ ವಾಂತಿ ಮಾಡಿಕೊಂಡಳು. ಮಯೂರ್ ಬಂದು ನಾಯಿಯ ಮೂತಿಯನ್ನು ಕರ್ಚೀಫಿನಿಂದ ಒರೆಸಿ, ಬೀದಿನಾಯಿಯ ರಕ್ತದಿಂದ ಇದಕ್ಕೇನಾದರೂ ರೋಗ ತಗಲೀತು ಎಂದು ಗೊಣಗಿದ.

ಗುಡ್ಡ ಹತ್ತುವವರಲ್ಲಿ ಯೋಗೀಶ್ ಎಂಬವರೊಬ್ಬರು ಇದ್ದರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಕೈಯಲ್ಲಿ ಸದಾ ಒಂದು ಬಿದಿರ ಕೋಲು. ಅವರು ಮರುದಿನವೇ ಅರ್ಜಿ ಬರೆದರು. ನಾಯಿಯ ಬಾಯಿಗೆ ಕುಕ್ಕೆ, ಕೊರಳಿಗೆ ಬೆಲ್ಟು ಇಲ್ಲದೆ ಗುಡ್ಡಕ್ಕೆ ಬಿಡಬಾರದು. ಒಂದು ಪ್ರತಿ ಪಾಲಿಕೆಗೆ, ಒಂದು ಪೊಲೀಸರಿಗೆ. ಇಪ್ಪತ್ತು ಸಹಿಗಳಾಗಿದ್ದವು.

“ಕಣ್ಣಾರೆ ಕಂಡವರು ನೀವಿಬ್ಬರೇ. ನಿಮ್ಮ ಸಹಿ ಇಲ್ಲದಿದ್ದರೆ ಇದು ಬರೀ ಕಾಗದ,” ಎಂದರು ಯೋಗೀಶ್.

ಸುಂದರಿ ಕಲ್ಲವ್ವನ ಮುಖ ನೋಡಿದಳು. “ಹುಡುಗ ನಮ್ಮ ಊರಿನವನೇ ಮಾರಾಯ್ರೆ. ಅವನ ಅಮ್ಮ ಬಾಲಮ್ಮ ನನ್ನ ಒಟ್ಟಿಗೆ ಭಜನೆಗೆ ಕೂರುವವಳು. ನಾಳೆ ನಾನು ಅವಳಿಗೆ ಎಂತ ಮುಖ ತೋರಿಸುವುದು? ನಾನು ಬಾಲಮ್ಮನ ಹತ್ರ ಹೇಳ್ತೇನೆ, ಅವಳು ಮಗನಿಗೆ ಬುದ್ಧಿ ಹೇಳ್ತಾಳೆ.”

“ನೀವು ಕಲ್ಲವ್ವ?”

“ನಾಯಿ ಮ್ಯಾಲ ನಾ ಕಾಗದ ಬರಿಯಂಗಿಲ್ರಿ. ಅದರ ತಪ್ಪೇನೈತಿ? ಅದಕ್ಕ ಬುದ್ಧಿ ಐತೇನು?”

“ಅಮ್ಮಾ, ಇದು ನಾಯಿಯ ಮೇಲಲ್ಲ, ಸಾಕಿದವನ ಮೇಲೆ!” ಯೋಗೀಶ್ ಕೋಲನ್ನು ನೆಲಕ್ಕೆ ಕುಟ್ಟಿದರು.

ಕಲ್ಲವ್ವನಿಗೆ ಆ ವ್ಯತ್ಯಾಸ ತಿಳಿಯದೆ ಇರಲಿಲ್ಲ. ಆದರೆ ಪಾಲಿಕೆಯವರು ಬಂದು ಬಲೆ ಹಾಕಿ ಎಳೆದೊಯ್ಯುವುದು ನಾಯಿಯನ್ನು, ಮಯೂರನನ್ನಲ್ಲ. ಸಹಿ ಹಾಕುವುದೂ ಕೈ ಎತ್ತಿದಂತೆಯೇ ಅಲ್ಲವೇ? ಅವಳು ತಲೆಯಾಡಿಸಿಬಿಟ್ಟಳು. ಒಬ್ಬಳಿಗೆ ಹುಡುಗ ಊರವನು, ಇನ್ನೊಬ್ಬಳಿಗೆ ನಾಯಿ ದೇವರದು. ಯೋಗೀಶರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಇಳಿದುಹೋದರು. ಇಬ್ಬರು ಸಾಕ್ಷಿಗಳಿಲ್ಲದ ಆ ಕಾಗದವನ್ನು ಪಾಲಿಕೆಯಲ್ಲಿ ಯಾರೂ ತೆರೆದು ನೋಡಲಿಲ್ಲ. ಬಾಲಮ್ಮ ಮಗನಿಗೆ ಬುದ್ಧಿ ಹೇಳಿದಳಂತೆ. ಅವನು ಎರಡು ದಿನ ಬೆಲ್ಟು ಕಟ್ಟಿ ಮೂರನೆಯ ದಿನ ಬಿಚ್ಚಿದ.

ಸೆಪ್ಟೆಂಬರಿನಲ್ಲಿ ಗುಡ್ಡ ಸೊಂಟದೆತ್ತರ ಹುಲ್ಲು ಹೊತ್ತು ನಿಂತಿರುತ್ತದೆ. ಕಾಲುದಾರಿ ಒಬ್ಬರು ನಡೆಯುವಷ್ಟೇ ಅಗಲ. ಅವತ್ತು ಸುಂದರಿ ಮುಂದೆ, ಕಲ್ಲವ್ವ ನಾಲ್ಕು ಮಾರು ಹಿಂದೆ. ಸುಂದರಿ ಹಿಂದಿನ ದಿನ ಮಾಡಿದ ಪತ್ರೊಡೆಯ ಕಥೆ ಹೇಳುತ್ತಿದ್ದಳು. ಮಾತಿನ ನಡುವೆ ಹುಲ್ಲು ಅಲುಗಿತು. ಸುಲ್ತಾನ್ ಸದ್ದಿಲ್ಲದೆ ಹೊರಬಂದು ಅವಳ ಮುಂಗೈ ಹಿಡಿಯಿತು.

ಅವಳು ಚೀರಿದಳು. ನಾಯಿ ಎಳೆಯಿತು, ಅವಳು ಬೋರಲು ಬಿದ್ದಳು. ಮುಂಗೈಯ ಮಾಂಸ ಸೀಳಿ ಬಿಳಿಯ ಎಲುಬು ಕಂಡಿತು. ಬಳೆಗಳು ಚೂರಾಗಿ ಮಾಂಸದೊಳಗೇ ಹೋದವು. ಕಲ್ಲವ್ವನ ಕೈ ತಾನಾಗಿಯೇ ಬಾಗಿ, ದಾರಿಬದಿಯಲ್ಲಿದ್ದ ತೆಂಗಿನಕಾಯಿ ಗಾತ್ರದ ಕಲ್ಲನ್ನು ಎತ್ತಿತ್ತು. ಎರಡು ಹೆಜ್ಜೆ ಮುಂದೆಯೂ ಬಂದಿದ್ದಳು. ನಾಯಿಯ ತಲೆ ಅವಳ ಕಾಲ ಬುಡದಲ್ಲಿಯೇ ಇತ್ತು. ಎತ್ತಿ ಹಾಕಿದರೆ ಮುಗಿಯುತ್ತಿತ್ತು.

ಆಗ ಕೂಸು ಕಂಡಿತು. ಹಣೆಯ ಮೇಲೆ ಹಳದಿ ಭಂಡಾರ, ಮುಚ್ಚಿದ ರೆಪ್ಪೆ. ಎದ್ದ ದಿನ ತಿರುಗಿ ಕೇಳ್ತಾನ. ಈ ಹೊತ್ತಿನಲ್ಲಿ ವಿಜಯಕುಮಾರ ಎಲ್ಲಿರುತ್ತಾನೆ? ಟ್ರೇನಿನ ಬಾಗಿಲಲ್ಲಿ ಜೋತುಬಿದ್ದಿರುತ್ತಾನೆ.

ಕಲ್ಲವ್ವ ಕಲ್ಲನ್ನು ಕೆಳಗಿಟ್ಟಳು.

ಎಸೆಯಲಿಲ್ಲ, ಜಾರಲಿಲ್ಲ, ಬಾಗಿ ಇಟ್ಟಳು. ಬೆನ್ನ ಮೇಲೆ ನಾಯಿ, ಕೆನ್ನೆ ಮಣ್ಣಿಗೆ ಒತ್ತಿದ್ದರೂ ಸುಂದರಿಯ ಕಣ್ಣು ಇತ್ತಲೇ ತಿರುಗಿತ್ತು. ಅವಳು ಅದನ್ನು ನೋಡಿದಳು. ಕಲ್ಲವ್ವ ಎರಡೂ ಕೈ ಜೋಡಿಸಿದಳು. “ಬಿಡಪ್ಪಾ, ಮಾಲತೇಶಾ, ಬಿಡಪ್ಪಾ, ನಿನ್ನ ಪಾದಕ್ಕ ಬೀಳ್ತೀನಿ, ಬಿಡು,” ಎಂದು ನಾಯಿಗೆ ಕೈಮುಗಿದು ಬೇಡಿಕೊಂಡಳು. ಹತ್ತು ಎಣಿಸುವಷ್ಟು ಹೊತ್ತೋ, ಇಪ್ಪತ್ತೋ. ಸುಂದರಿ “ಕಲ್ಲವ್ವಾ” ಎಂದು ಮೂರು ಸಲ ಕರೆದಳು. ಮೂರನೆಯ ಸಲ ಪೂರ್ತಿ ಹೊರಬರಲಿಲ್ಲ, ಯಾಕೆಂದರೆ ನಾಯಿ ಮುಂಗೈ ಬಿಟ್ಟು ಕೊರಳು ಹಿಡಿದಿತ್ತು.

ಕೊರಳಿನಿಂದ ಗೊರಗೊರ ಸದ್ದು ಬಂದ ಮೇಲೆ ಕಲ್ಲವ್ವ ಬಿದ್ದಳು, ನಾಯಿಯ ಮೇಲೆ. ಆಗಲೂ ಹೊಡೆಯಲಿಲ್ಲ. ಬಲಗೈಯನ್ನು ಅದರ ದವಡೆಯೊಳಗೆ ತುರುಕಿದಳು. ಕೊರಳು ಬಿಟ್ಟು ನನ್ನ ಕೈ ತಿನ್ನಲಿ ಎಂದು. ಹಲ್ಲು ಬೆರಳುಗಳ ಮೇಲೆ ಕೂತವು. ಕಿರುಬೆರಳು ಲಟಕ್ಕೆಂದು ಹೋಯಿತು. ಸುಂದರಿಯ ಕೊರಳಿನಿಂದ ಬಿಸಿ ರಕ್ತ ಚಿಮ್ಮಿ ಅವಳ ಮುಖಕ್ಕೆ ಬಡಿಯಿತು.

ಮೇಲಿನ ತಿರುವಿನಿಂದ ಮಯೂರ್ ಓಡಿಬಂದ. “ಸುಲ್ತಾನ್, ನೋ! ಸುಲ್ತಾನ್, ಕಮ್!” ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಬೆಲ್ಟು ಅವನ ಕೊರಳಲ್ಲಿಯೇ ಇತ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟ. ತನ್ನ ನಾಯಿಯ ಹತ್ತಿರ ಬರಲು ಅವನಿಗೇ ಹೆದರಿಕೆ. ಆಮೇಲೆ ಕೂಗಿದ: “ಆಂಟಿ, ಉಸ್ಕಾ ಮೂಹ್ ಮತ್ ಖೀಂಚೋ, ಉಸ್ಕೋ ಲಗೇಗಾ!”

ಬಾಯಿ ಎಳೆಯಬೇಡಿ, ಅದಕ್ಕೆ ನೋವಾದೀತು! ಆ ಮಾತು ಕಿವಿಗೆ ಬಿದ್ದದ್ದೇ ತಡ, ಕಲ್ಲವ್ವನ ಒಳಗೆ ಮೂವತ್ತಮೂರು ವರ್ಷ ಕಟ್ಟಿಕೊಂಡದ್ದು ಪಟ್ಟನೆ ಹರಿಯಿತು. ಎಡಗೈ ಹುಲ್ಲಿನಲ್ಲಿ ತಡಕಿ ಇಟ್ಟಿದ್ದ ಕಲ್ಲನ್ನೇ ಹುಡುಕಿಕೊಂಡಿತು. ಕಿವಿಯ ಹಿಂದೆ ಮೊದಲ ಏಟು. ನಾಯಿಯ ಕಣ್ಣು ಮೇಲಕ್ಕೆ ಸಿಕ್ಕಿತು, ಹಲ್ಲು ಬಿಡಲಿಲ್ಲ. ಎರಡು, ಮೂರು. ನಾಲ್ಕನೆಯದಕ್ಕೆ ಬುರುಡೆ ಒಳಕ್ಕೆ ಹೋಯಿತು. ಆಮೇಲೂ ಹೊಡೆದಳು, ಹೊಡೆಯುತ್ತ ಏನೋ ಕೂಗುತ್ತಿದ್ದಳು, ಏನೆಂದು ಅವಳಿಗೇ ನೆನಪಿಲ್ಲ. ಸತ್ತ ಮೇಲೂ ದವಡೆ ತೆರೆಯಲಿಲ್ಲ. ಕೆಳಗಿನಿಂದ ಏದುಸಿರು ಬಿಡುತ್ತ ಬಂದ ಯೋಗೀಶರು ಬಿದಿರ ಕೋಲನ್ನು ಹಲ್ಲಿನ ನಡುವೆ ಸಿಕ್ಕಿಸಿ ಮೀಟಿ ಬಿಡಿಸಬೇಕಾಯಿತು. ಸುಂದರಿಯನ್ನು ನಾಲ್ಕು ಜನ ಜಾಕೀಟಿನಲ್ಲಿ ಎತ್ತಿಕೊಂಡು ಇಳಿದರು. ರಿಕ್ಷಾ ಸಿಗುವ ಜಾಗಕ್ಕೆ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಕಲ್ಲವ್ವ ಮೊದಲು ಕೇಳಿದ್ದು ಫೋನು. ಬೆರಳು ಹೊಲಿಯುವ ಡಾಕ್ಟರಿಗೂ ಕೈ ಕೊಡಲಿಲ್ಲ.

“ವಿಜೂ, ಎಲ್ಲಿ ಅದೀಯೋ?”

“ಆಫೀಸ್‌ದಾಗ ಅದೀನಿ ಅವ್ವಾ. ಯಾಕ, ಏನಾತು?”

“ಏನಿಲ್ಲ. ಅಲ್ಲೇ ಕುಂದ್ರು. ರಸ್ತೆಗೆ ಬರಬ್ಯಾಡ.”

ಆವತ್ತಿನಿಂದ ತಾಸಿಗೊಮ್ಮೆ ಫೋನು. ಟ್ರೇನ್ ಹತ್ತಬ್ಯಾಡ, ಲಿಫ್ಟಿನಾಗ ಹೋಗಬ್ಯಾಡ, ನೀರು ಕಾಸಿ ಕುಡಿ. ಮಗ ಪಕ್ಕದಲ್ಲಿ ಕುಳಿತಿದ್ದರೂ ಅವನ ಎದೆ ಏಳುವುದು ಇಳಿಯುವುದು ನೋಡುತ್ತಿದ್ದಳು. ಗಾಬರಿಗೆ ತಲೆ ಕೆಟ್ಟಿದೆ ಎಂದು ಅವನು ತಿಳಿದ. ಅವಳು ಏಟು ಬೀಳುವುದನ್ನು ಕಾಯುತ್ತಿದ್ದಳು.

ಏಟು ಬಿತ್ತು, ಬೇರೆ ಮನೆಯ ಮೇಲೆ. ಸುಂದರಿ ನಾಲ್ಕು ದಿನ ಬದುಕಿದ್ದಳು. ಕೊರಳಿಗೆ ನಳಿಗೆ ಹಾಕಿದ್ದರಿಂದ ಮಾತಿರಲಿಲ್ಲ, ಕಣ್ಣು ಮಾತ್ರ. ಕಲ್ಲವ್ವ ಒಳಗೆ ಹೋದಾಗಲೆಲ್ಲ ಆ ಕಣ್ಣು ಅವಳ ಕೈಯ ಕಡೆ ತಿರುಗುತ್ತಿತ್ತು. ಬ್ಯಾಂಡೇಜನ್ನು ನೋಡಿ ಮರುಗುತ್ತಿದ್ದಳೋ, ಕೆಳಗಿಟ್ಟ ಕಲ್ಲನ್ನು ನೆನೆಯುತ್ತಿದ್ದಳೋ, ಕೇಳುವ ಧೈರ್ಯ ಕಲ್ಲವ್ವನಿಗೆ ಆಗಲಿಲ್ಲ. ಐದನೆಯ ಬೆಳಿಗ್ಗೆ ಮುಂಡಪ್ಪನವರು ಹೊರಗೆ ಬಂದು, “ಹೋದಳು,” ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತರು.

ಅಷ್ಟು ಹೊತ್ತಿಗೆ ಕಲ್ಲವ್ವ ಊರಿಗೆಲ್ಲ ಹೆಸರಾಗಿದ್ದಳು. ಮಯೂರ್ ಹತ್ತು ಹೆಜ್ಜೆ ದೂರ ನಿಂತು ಮಾಡಿದ ಒಂದೇ ಕೆಲಸವೆಂದರೆ ವಿಡಿಯೋ ತೆಗೆದದ್ದು. ಕಲ್ಲವ್ವ ಎರಡನೆಯ ಸಲ ಕಲ್ಲು ಎತ್ತುವಲ್ಲಿಂದ ಅದು ಶುರು. ಹುಲ್ಲಿನ ಮರೆಯಲ್ಲಿ ಸುಂದರಿ ಕಾಣುವುದಿಲ್ಲ. ಕಾಣುವುದು ರಕ್ತ ಮೆತ್ತಿದ ಮುದುಕಿ, ಮತ್ತೆ ಮತ್ತೆ ಇಳಿಯುವ ಕಲ್ಲು. ಥಾಣೆಯಿಂದ ಡೊಂಬಿವಲಿಯವರೆಗೆ ಎಲ್ಲರ ಮೊಬೈಲಿನಲ್ಲೂ ಅದೇ. ರಾಕ್ಷಸಿ, ಕೊಲೆಗಾತಿ, ಇವಳ ಕೈ ಕತ್ತರಿಸಬೇಕು ಎಂದು ಮುಖ ಕಾಣದ ಜನ ಬರೆದರು. ಮಯೂರ್ ಪೊಲೀಸರಿಗೆ ಕೊಟ್ಟ ಹೇಳಿಕೆಯೂ ತಯಾರಿತ್ತು: ಬೆಲ್ಟು ಅದೇ ತಾನೇ ಕೈಯಿಂದ ಜಾರಿತು, ನಾಯಿ ಸುಮ್ಮನೆ ಹೋಗುತ್ತಿತ್ತು, ಈ ಹೆಂಗಸರು ಹೆದರಿ ಮೊದಲು ಕಲ್ಲು ಹೊಡೆದರು, ಅದಕ್ಕೇ ಅದು ತಿರುಗಿಬಿತ್ತು.

ಹನ್ನೊಂದನೆಯ ದಿನ ಬಾಲಮ್ಮ ಬಂದಳು. ಬಾಗಿಲಲ್ಲೇ ನಿಂತು ಅತ್ತಳು. “ಮಗನಿಗೆ ಮದುವೆ ನಿಶ್ಚಯ ಆಗಿದೆ ಅಮ್ಮ. ಜೈಲಿಗೆ ಹೋದ್ರೆ ಮುಗಿಯಿತು. ಸುಂದರಿಯಕ್ಕ ಹೋದ್ರು, ನಾಯಿಯೂ ಹೋಯಿತು. ನೀವು ನೆನಪಿಲ್ಲ ಅಂತ ಹೇಳಿಬಿಡಿ. ನಿಮ್ಮ ಮೇಲಿನ ನಾಯಿ ಕೊಂದ ಕೇಸು ಇವನು ವಾಪಸು ತೆಗೀತಾನೆ. ನಾವು ನಾವೇ ಅಲ್ವಾ?”

ಹಿಂದಿನ ಕಲ್ಲವ್ವನಾಗಿದ್ದರೆ ಬಾಲಮ್ಮನನ್ನು ಮೆಟ್ಟಿಲಿಳಿಸಿ ಬಿಡುತ್ತಿದ್ದಳು. ಈ ಕಲ್ಲವ್ವ ನಿಜಕ್ಕೂ ಯೋಚಿಸಿದಳು, ಅದನ್ನು ಮುಚ್ಚಿಟ್ಟು ಫಲವಿಲ್ಲ. ನೆನಪಿಲ್ಲ ಎಂದುಬಿಟ್ಟರೆ ಆ ಹತ್ತೋ ಇಪ್ಪತ್ತೋ ಎಣಿಕೆಯ ಹೊತ್ತನ್ನು ಯಾರೂ ಕೇಳುವುದಿಲ್ಲ. ಸುಂದರಿಯ ಕಣ್ಣಿನ ಜೊತೆ ಅದೂ ಸುಟ್ಟುಹೋಗಿದೆ. “ನಾವು ನಾವು ಅಂದು ಅಂದೇ ಸುಂದ್ರಕ್ಕನ್ನ ಕಳಕೊಂಡ್ವಿ ಬಾಲವ್ವ. ಹೋಗು,” ಎಂದು ಬಾಗಿಲು ಹಾಕಿಕೊಂಡಳು.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳಲು ಕುಳಿತಿದ್ದವಳು ಎಳೆಯ ಸಬ್‌ಇನ್‌ಸ್ಪೆಕ್ಟರ್, ಮರಾಠಿಯವಳು. ಕಲ್ಲವ್ವನಿಗೆ ಬಜಾರಿನ ಮರಾಠಿ ಬರುತ್ತದೆ, ಕೇಸಿನ ಮರಾಠಿ ಬರುವುದಿಲ್ಲ. ಅವಳ ಕನ್ನಡವನ್ನು ಮರಾಠಿಗೆ ಹೇಳಲು ವಿಜಯಕುಮಾರನೇ ಪಕ್ಕದ ಕುರ್ಚಿಯಲ್ಲಿ ಕುಳಿತ. ಗೋಡೆಯ ಆಚೆ ಬದಿಯ ಬೆಂಚಿನಲ್ಲಿ ಮಯೂರ್ ಮತ್ತು ಅವನ ವಕೀಲ.

“ವಿಡಿಯೋದಲ್ಲಿ ಕಲ್ಲು ನಿಮ್ಮ ಕೈಯಲ್ಲಿದೆ ಅಜ್ಜಿ,” ಎಂದಳು ಆಕೆ ಮರಾಠಿಯಲ್ಲಿ. “ನೀವೇ ಮೊದಲು ಹೊಡೆದಿರಿ ಅಂತ ಅವರ ಹೇಳಿಕೆ. ಅಲ್ಲ ಎನ್ನುವುದಕ್ಕೆ ಸ್ಥಳದಲ್ಲಿದ್ದ ಬೇರೆ ಸಾಕ್ಷಿ ಇಲ್ಲ. ಕಲ್ಲು ಯಾವಾಗ ಎತ್ತಿದಿರಿ?”

ವಿಜಯಕುಮಾರ ಕನ್ನಡದಲ್ಲಿ ಕೇಳಿದ. ಕೇಳಿ, ದನಿ ತಗ್ಗಿಸಿ ತನ್ನದೂ ಸೇರಿಸಿದ: “ನಾಯಿ ಅವರ ಮ್ಯಾಲ ಬಿದ್ದ ಕೂಡ್ಲೇ ಎತ್ತಿ ಹೊಡದೆ ಅಂತ ಹೇಳು ಅವ್ವಾ. ಅಷ್ಟ ಸಾಕು.”

“ಎರಡು ಸರ್ತಿ ಎತ್ತೀನಿ,” ಎಂದಳು ಕಲ್ಲವ್ವ. “ಮೊದಲನೇ ಸರ್ತಿ ಕೆಳಗ ಇಟ್ಟೆ. ಕೈ ಮುಗಕೊಂಡು ನಿಂತೆ. ಅಕಿ ನನ್ನ ಹೆಸರು ಹಿಡಿದು ಕರೀತಿದ್ಲು, ನಾ ನಿಂತಿದ್ದೆ. ಹಂಗ ಹೇಳು.”

ಮಗ ಬೆಚ್ಚಿಬಿದ್ದ. “ಏನಂತೀ ಅವ್ವಾ?”

“ಹೇಳೋ.”

ಅವನು ಹೇಳಿದ. ಪೆನ್ನು ನಿಂತಿತು. ಆಕೆ ಕಲ್ಲವ್ವನನ್ನೇ ನೋಡುತ್ತ ಕೇಳಿದಳು: “ಕಲ್ಲು ಕೈಯಲ್ಲಿತ್ತು, ಗೆಳತಿಯನ್ನು ನಾಯಿ ಹರಿಯುತ್ತಿತ್ತು. ಯಾರಾದರೂ ಹೊಡೆಯುತ್ತಾರೆ. ನೀವು ಕೆಳಗಿಟ್ಟಿರಿ ಅಂದರೆ ಯಾರು ನಂಬುತ್ತಾರೆ? ಯಾಕೆ ಇಟ್ಟಿರಿ?”

ಇದಕ್ಕೊಂದೇ ಉತ್ತರವಿತ್ತು. ಅದನ್ನು ಹೇಳಿದರೆ ಮಯೂರನ ಸುಳ್ಳು ಮುರಿಯುತ್ತದೆ, ಯಾಕೆಂದರೆ ನಾಯಿಗೆ ಎಂದೂ ಕೈ ಎತ್ತದವಳು ಮೊದಲು ಕಲ್ಲು ಹೊಡೆಯುವುದೆಲ್ಲಿಂದ ಬಂತು? ಗುಡ್ಡದ ಇಪ್ಪತ್ತು ಜನ ಬಂದು ಹೌದು ಎನ್ನುತ್ತಾರೆ. ಹೇಳಿದರೆ ಮುರಿಯುವುದು ಇನ್ನೊಂದೂ ಇತ್ತು, ಅದು ಪಕ್ಕದ ಕುರ್ಚಿಯಲ್ಲಿತ್ತು. ಕಲ್ಲವ್ವ ಮಗನ ಮುಖ ನೋಡಲಿಲ್ಲ. ಮೇಜಿನ ಕಡೆ ನೋಡುತ್ತ ಜ್ವರದಿಂದ ಶುರುಮಾಡಿ ಗೊರವಯ್ಯನವರೆಗೆ, ಭಂಡಾರದವರೆಗೆ, ಆ ಮಾತಿನವರೆಗೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು.

“ಮಗನ ಜೀವ ಹೋದೀತು ಅಂತ ಅಕಿ ಜೀವ ಬಿಟ್ಟೆ. ಆ ಹುಡುಗ ನಾಯಿ ಬಿಟ್ಟ, ಅದು ಅಂವನ ತಪ್ಪು. ನಾ ನಿಂತೆ, ಇದು ನಂದು. ಎರಡೂ ಬರೀರಿ ಅಂತ ಹೇಳು.”

ವಿಜಯಕುಮಾರ ತಾಯಿಯ ಬಲಗೈಯನ್ನು ನೋಡಿದ. ಸುಂದರಿ ಅವನಿಗೆ ಪ್ರತಿ ಭಾನುವಾರ ನೀರುದೋಸೆ ಕಟ್ಟಿ ಕಳಿಸುತ್ತಿದ್ದವಳು. ಸಬ್‌ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದಳು. ಕೊನೆಗೆ ಅವನು ತಾಯಿ ಹೇಳಿದಷ್ಟನ್ನೂ, ಒಂದು ಮಾತೂ ಬಿಡದೆ, ಮರಾಠಿಯಲ್ಲಿ ಹೇಳಿದ. ಗೊರವಯ್ಯನ ಮಾತನ್ನು ಎರಡು ಸಲ ಹೇಳಬೇಕಾಯಿತು.

“ಯಾವ ಮಗ? ಹೆಸರು ಬೇಕು,” ಎಂದಳು ಆಕೆ.

“ಮೀಚ್,” ಎಂದ ವಿಜಯಕುಮಾರ. ನಾನೇ.

ಆಕೆ ಅದನ್ನೂ ಬರೆದುಕೊಂಡು, ಕಾಗದವನ್ನು ಸಹಿಗೆ ಕಲ್ಲವ್ವನ ಮುಂದೆ ತಿರುಗಿಸಿದಳು.